ಬಂದದ, ಬಂದ್ ಅದ

"ಇವನ ಕನ್ನಡಕ್ಕೆ ಸಬ್‌ಟೈಟಲ್ ಬೇಕು ಕಣ್ರೀ. ರೇಡಿಯೊದಲ್ಲಿ ಸಬ್‌ಟೈಟಲ್ ಎಲ್ಲಿ ಹಾಕ್ಲಿ, ಇವನ ಹಣೆ ಮೇಲಾ?"

ಸೋಮವಾರದ ಮೀಟಿಂಗಿನಲ್ಲಿ ಹನ್ನೊಂದು ಮಂದಿಯ ಎದುರು ಜಯಂತ್ ಸರ್ ನನ್ನ ಕಡೆ ಪೆನ್ನು ತೋರಿಸಿ ಹೇಳಿದ ಮಾತು ಇದು. ಆ ಕೋಣೆಯಲ್ಲಿ ಕನ್ನಡ ಬರುವವರು ನನ್ನನ್ನೂ ಅವರನ್ನೂ ಬಿಟ್ಟರೆ ಇಬ್ಬರು. ಆ ಇಬ್ಬರೂ ಕೂಡಲೇ ನಕ್ಕರು. ಉಳಿದವರು ಏನು ಏನು ಎಂದು ಕೇಳಿದರು. ಜಯಂತ್ ಸರ್ ಅದನ್ನೇ ಹಿಂದಿಯಲ್ಲಿ ಹೇಳಿದರು, ಇನ್ನಷ್ಟು ಮಂದಿ ನಕ್ಕರು. ಮೂಲೆಯಲ್ಲಿ ಫೋನ್ ತಿಕ್ಕುತ್ತ ಕೂತಿದ್ದ ಮಾಲೀಕರ ತಮ್ಮ ಆಗ ತಲೆ ಎತ್ತಿದ್ದರಿಂದ ಮರಾಠಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಮರಾಠಿಯಲ್ಲಿ ಹಣೆ ಬಿಟ್ಟು ಬೇರೆ ಜಾಗದ ಹೆಸರು ಹೇಳಿದರು. ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಅದಕ್ಕೇ.

ನನಗೆ ಮೂರೂ ಭಾಷೆ ಬರುತ್ತದೆ. ಹಾಗಾಗಿ ಒಂದೇ ಮಾತನ್ನು ಮೂರು ಸಲ ಅನ್ನಿಸಿಕೊಂಡೆ.

ನಮ್ಮದು ಖಾಡಿ ರೇಡಿಯೊ. ಮೊಬೈಲಿನ ಆ್ಯಪಿನಲ್ಲಿ ಬರುತ್ತದೆ. ಹಾಡು ಇಲ್ಲ, ಸುದ್ದಿ ಮತ್ತು ಮಾತು ಮಾತ್ರ, ನಡುವೆ ಫ್ಲ್ಯಾಟ್ ಮಾರುವ ಜಾಹೀರಾತು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಜನ ಮನೆ ಬಿಡುವ ಮೊದಲು ಕಿವಿಗೆ ಹಚ್ಚಿಕೊಳ್ಳುವುದು ನಮ್ಮನ್ನೇ: ಯಾವ ಲೋಕಲ್ ತಡ, ಯಾವ ಫ್ಲೈಓವರ್ ಮೇಲೆ ಕಂಟೇನರ್ ಅಡ್ಡ ನಿಂತಿದೆ, ವಾಶಿ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಏನಾಯಿತು. "ಮೊದಲು ಕೇಳಿ, ಆಮೇಲೆ ಹೊರಡಿ" ಎಂಬುದು ನಮ್ಮ ಘೋಷವಾಕ್ಯ. ಜನ ಅದನ್ನು ನಿಜವಾಗಿಯೂ ಪಾಲಿಸುತ್ತಾರೆ. ಆಫೀಸು ಘೋಡಬಂದರ್ ರಸ್ತೆಯ ಒಂದು ಮಾಲಿನ ನಾಲ್ಕನೇ ಮಹಡಿಯಲ್ಲಿದೆ.

ಬೆಳಿಗ್ಗೆ ಆರರಿಂದ ಏಳು ಕನ್ನಡದ ಗಂಟೆ. ಅದು ಮಾಲೀಕರ ಭಾಷಾಪ್ರೇಮದಿಂದ ಹುಟ್ಟಿದ್ದಲ್ಲ. ಯಜ್ಞೇಶ್ವರ ರಾಯರೆಂದು ಕುಂದಾಪುರದ ಕಡೆಯವರು, ಇಲ್ಲಿ ಐದು ಹೋಟೆಲು ನಡೆಸುತ್ತಾರೆ. ಇಡ್ಲಿ ಹೊಯ್ಯುವ ಹೊತ್ತಿಗೆ ತಮ್ಮ ಅಡುಗೆಯವರಿಗೆ ಕನ್ನಡ ಕೇಳಿಸಿದರೆ ಮಾತ್ರ ಜಾಹೀರಾತು ಕೊಡುತ್ತೇನೆ ಎಂದು ಅವರು ಹಟ ಹಿಡಿದರು. ಹೀಗಾಗಿ ನಮ್ಮ ಗಂಟೆಯಲ್ಲಿ ಕಟ್ಟಡ ಕುಸಿದ ಸುದ್ದಿಯನ್ನು ಹೇಳಿದರೂ ಅದರ ಹಿಂದೆಯೇ "ಇದನ್ನು ನಿಮಗೆ ತಲುಪಿಸಿದವರು ಯಜ್ಞೇಶ್ವರ ಭವನ, ಮಲ್ಲಿಗೆಯಂಥ ಇಡ್ಲಿ" ಎಂದು ಬರುತ್ತದೆ.

ನಾನು ಗುರುನಾಥ, ಠಾಣೆಯ ಆಚೆಯ ದಿವಾದವನು. ಅಪ್ಪ ಅವ್ವ ಕಲಬುರಗಿ ಜಿಲ್ಲೆಯಿಂದ ಸೈಟಿನ ಕೆಲಸಕ್ಕೆ ಬಂದವರು, ನಾನು ಹುಟ್ಟಿದ್ದು ಇಲ್ಲೇ. ಒಂಬತ್ತನೇ ಕ್ಲಾಸಿನಲ್ಲಿ ಮಾಸ್ತರು ಒಂದು ಮಾತು ಅಂದರು, ನಾನು ಎರಡು ಅಂದೆ, ಶಾಲೆ ಅಲ್ಲಿಗೆ ಮುಗಿಯಿತು. ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸುತ್ತಿದ್ದಾಗ ದಿನಾ ಈ ರೇಡಿಯೊಗೆ ಫೋನ್ ಹಚ್ಚಿ ಜಗಳ ಆಡುತ್ತಿದ್ದೆ. ದಿವಾದಲ್ಲಿ ನೀರಿಲ್ಲ ಅಂತ ಯಾಕೆ ಹೇಳುವುದಿಲ್ಲ, ಘೋಡಬಂದರ್ ರಸ್ತೆಯ ಈಜುಕೊಳ ರಿಪೇರಿಯಾದದ್ದು ಸುದ್ದಿ, ನಮ್ಮ ನಳ ಒಣಗಿದ್ದು ಸುದ್ದಿಯಲ್ಲವೇ ಎಂದು. ಆಗಿದ್ದ ಮುಖ್ಯಸ್ಥರು ಒಂದು ತಿಂಗಳು ನನ್ನ ಬೈಗುಳ ಕೇಳಿ ಬೇಸತ್ತು, ಇವನನ್ನು ಹೊರಗಿಡುವುದಕ್ಕಿಂತ ಕೆಲಸಕ್ಕೆ ಇಟ್ಟುಕೊಳ್ಳುವುದು ಸಸ್ತಾ ಎಂದು ಕರೆದರು. ಅಂದಿನಿಂದ ನಾನು ನೀರಿನ ವರದಿಗಾರ. ಬೆಳಿಗ್ಗೆ ಐದೂವರೆಗೆ ಎದ್ದು ಟ್ಯಾಂಕರ್ ತುಂಬುವ ಕಡೆಗೆಲ್ಲ ಫೋನ್ ಮಾಡಿ, ದಿವಾದ ಮೂಲೆಗಳನ್ನು ಸ್ವತಃ ಸುತ್ತಿ, ಆರೂ ಹತ್ತಕ್ಕೆ ಸರಿಯಾಗಿ ಲೈವ್ ಬಂದು, ಎಲ್ಲಿ ನೀರುಂಟು ಎಲ್ಲಿ ಇಲ್ಲ ಎಂದು ನನ್ನ ಬಾಯಿಂದಲೇ ಹೇಳುತ್ತಿದ್ದೆ. ಎರಡು ನಿಮಿಷ. ಈ ಜಿಲ್ಲೆಯಲ್ಲಿ ನಾನು ಹೇಳಿದ್ದನ್ನು ಯಾರಾದರೂ ಪೂರ್ತಿ ಕೇಳುತ್ತಿದ್ದದ್ದು ಆ ಎರಡು ನಿಮಿಷದಲ್ಲಿ ಮಾತ್ರ.

ಆ ಎರಡು ನಿಮಿಷಕ್ಕೇ ಜಯಂತ್ ಸರ್ ಕೈ ಹಾಕಿದರು. ಅವರು ಬೆಂಗಳೂರಿನಿಂದ ಹೊಸದಾಗಿ ಬಂದ ಮುಖ್ಯಸ್ಥರು. ಘೋಡಬಂದರ್ ರಸ್ತೆಯ ಒಂದು ಟವರಿನಿಂದ ಯಾರೋ ಈಮೇಲ್ ಬರೆದಿದ್ದರಂತೆ: ನಿಮ್ಮ ವರದಿಗಾರ "ನೀರು ಬಂದಾವ, ನೀರು ಹೋಗ್ಯಾವ" ಎನ್ನುತ್ತಾನೆ, ನೀರಿಗೆ ಬಹುವಚನ ಯಾಕೆ, ಎಷ್ಟು ನೀರು ಬಂದವು, ಎಲ್ಲಿಗೆ ಹೋದವು, ಸ್ಪಷ್ಟಪಡಿಸಬೇಕು. ಮೀಟಿಂಗಿನಲ್ಲಿ ಅದನ್ನು ಓದಿದರು. ನಮ್ಮ ಕಡೆ ನೀರಿಗೆ ಬಹುವಚನವೇ ರೀ, ಅಷ್ಟು ಅಪರೂಪಕ್ಕೆ ಬರುವವರಿಗೆ ಏಕವಚನ ಹಚ್ಚಲಿಕ್ಕೆ ಬರುತ್ತದೇನು ಎಂದು ನಾನು ಕೇಳಿದೆ. ಅದಕ್ಕೇ ಬಂತು ಸಬ್‌ಟೈಟಲ್ಲಿನ ಉತ್ತರ.

ಮಂಗಳವಾರದಿಂದ ಹೊಸ ಪದ್ಧತಿ. ನಾನು ಲೈವ್ ಬರುವ ಹಾಗಿಲ್ಲ. ಆರೂ ಐದಕ್ಕೆ ಕಚೇರಿಗೆ ಫೋನ್ ಮಾಡಿ ಸಂಯುಕ್ತಾ ಮೇಡಂಗೆ ಹೇಳಬೇಕು, ಅವರು ಅದನ್ನು ಒಳ್ಳೆಯ ಕನ್ನಡಕ್ಕೆ ತಂದು ಜನರಿಗೆ ಹೇಳುತ್ತಾರೆ. ಸಂಯುಕ್ತಾ ಮೇಡಂ ಮೈಸೂರಿನವರು, ಕನ್ನಡ ಗಂಟೆ ನಡೆಸುವವರು. ಕೆಟ್ಟವರೇನಲ್ಲ. ಅವರು ಸಾವಿನ ಸುದ್ದಿ ಓದಿದರೂ ಯಾರದೋ ಗೃಹಪ್ರವೇಶಕ್ಕೆ ಕರೆದಂತೆ ಕೇಳಿಸುತ್ತದೆ, ಅಷ್ಟೇ.

ನಮ್ಮ ಸಾಲುಮನೆಗಳ ಚಾಳಿನಲ್ಲಿ ಎಲ್ಲರೂ ಕೇಳತೊಡಗಿದರು. ಯಾಕೋ ನಿನ್ನ ಧ್ವನಿ ಇಲ್ಲ, ಕೆಲಸ ಬಿಡಿಸಿದರೇನು. ಗಂಟಲು ಬಿದ್ದದ ಎಂದು ಸುಳ್ಳು ಹೇಳಿದೆ. ಎದುರು ಮನೆಯ ದಾನಮ್ಮ ಕಾಕು ಅದನ್ನು ನಂಬಿ ಮೆಣಸು, ಶುಂಠಿ, ಇನ್ನೇನೋ ಬೇರು ಕುದಿಸಿ ಒಂದು ಚೊಂಬು ಕಷಾಯ ತಂದು ಎದುರಿಗೆ ನಿಂತು ಕುಡಿಸಿದಳು. ಬುಧವಾರ ಎರಡು ಚೊಂಬು. ಆ ಹೊತ್ತಿಗೆ ಗಂಟಲು ನಿಜವಾಗಿಯೂ ಹೋಯಿತು.

ಗುರುವಾರ ಮೇ ತಿಂಗಳ ಧಗೆ ಬೆಳಿಗ್ಗೆಯೇ ಏರಿತ್ತು. ಟ್ಯಾಂಕರ್ ಡ್ರೈವರುಗಳಿಗೂ ಅವರ ಗುತ್ತಿಗೆದಾರನಿಗೂ ಹಿಂದಿನ ದಿನ ಹೊಡೆದಾಟವಾಗಿ ಅವರು ಯಾರೂ ಗಾಡಿ ತೆಗೆಯುವುದಿಲ್ಲ ಎಂದು ಕೂತಿದ್ದರು. ನಾನು ಎಲ್ಲ ಕಡೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ. ಆರೂ ಐದಕ್ಕೆ ಸಂಯುಕ್ತಾ ಮೇಡಂಗೆ ಹಚ್ಚಿದೆ. ಕಷಾಯದ ಗಂಟಲು, ಪಕ್ಕದಲ್ಲೇ ಹಳಿ, ಹಾರ್ನು ಹೊಡೆಯುತ್ತ ಹೋಗುವ ಕಸಾರಾ ಲೋಕಲ್.

"ಟ್ಯಾಂಕರ್ ಬಂದ್ ಅದ ರೀ ಮೇಡಂ," ಅಂದೆ. "ದಿವಾದಾಗೂ ಬಂದ್ ಅದ, ಡೊಂಬಿವಲಿದಾಗೂ ಬಂದ್ ಅದ."

"ಘೋಡಬಂದರ್ ರೋಡಿಗೆ?" ಅವರ ಮನೆಯೂ ಅಲ್ಲೇ.

"ಅಲ್ಲೂ ಬಂದ್ ಅದ ರೀ. ಎಲ್ಲಾ ಕಡಿ ಬಂದ್ ಅದ."

"ಅಬ್ಬಾ, ಥ್ಯಾಂಕ್ಸ್ ಗುರುನಾಥ್," ಅಂದು ಫೋನ್ ಇಟ್ಟರು. ನೀರು ನಿಂತಿದ್ದಕ್ಕೆ ಇವರು ಥ್ಯಾಂಕ್ಸ್ ಯಾಕೆ ಹೇಳಿದರು ಎಂದು ಒಂದು ಕ್ಷಣ ಅನಿಸಿತು. ಮೈಸೂರಿನವರು ಎಲ್ಲದಕ್ಕೂ ಥ್ಯಾಂಕ್ಸ್ ಹೇಳುತ್ತಾರೆ ಎಂದುಕೊಂಡು ಚಹದ ಗಾಡಿಯ ಕಡೆ ನಡೆದೆ.

ಚಹ ಅರ್ಧವಾಗಿತ್ತು. ನಮ್ಮ ಗಲ್ಲಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಮೊದಲು ದಾನಮ್ಮ ಕಾಕು ನೀಲಿ ಡ್ರಮ್ಮು ಉರುಳಿಸುತ್ತ ಬಂದಳು, ಅವಳ ಹಿಂದೆ ಕೊಡ ಹಿಡಿದವರು, ಪೇಂಟಿನ ಡಬ್ಬಿ ಹಿಡಿದವರು, ಒಬ್ಬಳು ಕುಕ್ಕರನ್ನೇ ಹಿಡಿದು ಬಂದಿದ್ದಳು. ಐದು ನಿಮಿಷದಲ್ಲಿ ಟ್ಯಾಂಕರ್ ನಿಲ್ಲುವ ಮೂಲೆಯಿಂದ ಸ್ಟೇಷನ್ ರಸ್ತೆಯವರೆಗೆ ಸಾಲು. ಪಕ್ಕದ ಚಾಳುಗಳಿಂದಲೂ ಓಡಿ ಬರುತ್ತಿದ್ದರು.

ನಾನು ಚಹ ಬಿಟ್ಟು ಓಡಿದೆ. ಟ್ಯಾಂಕರ್ ಇಲ್ಲ, ಮನೆಗೆ ಹೋಗಿ ಎಂದು ಕೂಗಿದೆ. ಯಾರೂ ಕದಲಲಿಲ್ಲ. ಟ್ಯಾಂಕರ್ ಇಲ್ಲ ಎನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಮೂಲೆ ಖಾಲಿ ಬಿದ್ದಿತ್ತು. ಆದರೂ ರೇಡಿಯೊದಲ್ಲಿ ಬಂದಿದೆ ಎಂದು ಹೇಳಿದ್ದಾರೆ, ಹಾಗಾದರೆ ಬಂದಿದೆ, ನಾವು ಸರಿಯಾಗಿ ನೋಡುತ್ತಿಲ್ಲ ಎಂಬಂತೆ ಎಲ್ಲರೂ ಕತ್ತು ಚಾಚಿ ಹುಡುಕುತ್ತಿದ್ದರು.

"ರೇಡಿಯೊದವರಿಗೆ ಹೇಳಿದವನೇ ನಾನು, ಕಾಕು."

"ನಿನಗ ಗಂಟಲು ಬಿದ್ದದ, ನೀ ಏನು ಹೇಳ್ತಿ," ಅಂದಳು ದಾನಮ್ಮ ಕಾಕು. "ಆ ಹುಡುಗಿ ಎಷ್ಟು ಚಂದ ಹೇಳಿದ್ಳು. ಶುಭ ಸುದ್ದಿ ಅಂದ್ಳು. ಎಲ್ಲೆಡೆ ಟ್ಯಾಂಕರ್ ಬಂದಿದೆ ಅಂದ್ಳು. ನೀ ಹಂಗ ಒಮ್ಮಿ ಹೇಳೀಯೇನು?"

ಆಗ ನನ್ನ ತಲೆಯಲ್ಲಿ ಬೆಳಕು ಬಿತ್ತು. ನಾನು ಹೇಳಿದ್ದು ಬಂದ್ ಅದ. ಅಂದರೆ ಮುಚ್ಚಿದೆ, ನಿಂತಿದೆ. ಅವರು ಕೇಳಿಸಿಕೊಂಡದ್ದು ಬಂದದ. ಅಂದರೆ ಬಂದಿದೆ. ಇಡೀ ಕಲಬುರಗಿಯಲ್ಲಿ ತಲೆತಲಾಂತರದಿಂದ ಜನ ಈ ಎರಡನ್ನೂ ದಿನಕ್ಕೆ ನೂರು ಸಲ ಹೇಳಿಕೊಂಡು ಯಾವ ತಂಟೆಯಿಲ್ಲದೆ ಬದುಕಿದ್ದಾರೆ. ಅಂಗಡಿ ಬಂದ್ ಅದ, ಬಸ್ ಬಂದದ. ಅದನ್ನು ಒಳ್ಳೆಯ ಕನ್ನಡಕ್ಕೆ ತರಲು ಹೋದ ಮೊದಲ ವಾರವೇ ಹೀಗಾಯಿತು.

ಸಾಲಿನಲ್ಲಿ ನಿಂತವರು ಏಳೂವರೆಯವರೆಗೂ ನಿಂತರು. ಮನೆಗೆಲಸಕ್ಕೆ ಹೋಗುವವರು ಆರೂ ನಲವತ್ತರ ಲೋಕಲ್ ತಪ್ಪಿಸಿಕೊಂಡರು. ದಾನಮ್ಮ ಕಾಕು ಠಾಣೆಯ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ, ಮೂರೂ ಮನೆಯವರು ಫೋನ್ ಮಾಡಿ ಬೈದರು. ಆಕೆ ಆ ಮೂರು ಬೈಗುಳವನ್ನೂ ಒಂದು ಅಕ್ಷರ ಬಿಡದೆ ನನಗೆ ತಲುಪಿಸಿದಳು.

ಹತ್ತು ಗಂಟೆಗೆ ಜಯಂತ್ ಸರ್ ಫೋನ್ ಬಂತು. ಕೂಡಲೇ ಬಾ ಎಂದರು.

ನಾನು ಮುಟ್ಟುವಾಗ ಮೀಟಿಂಗ್ ಕೋಣೆಯಲ್ಲಿ ಯಜ್ಞೇಶ್ವರ ರಾಯರು ಕೂತಿದ್ದರು. ಬಿಳಿ ಅಂಗಿಯ ಮೇಲೆ ಚಟ್ನಿಯ ಕಲೆ. ಕಲೆ ತೊಳೆಯಲು ನೀರಿಲ್ಲದಿದ್ದುದೇ ಅವರ ದೂರು. ಹಿಂದಿನ ಸಂಜೆಯಿಂದ ಅವರ ಘೋಡಬಂದರ್ ರಸ್ತೆಯ ಹೋಟೆಲಿನ ಟಾಕಿಯಲ್ಲಿ ಎರಡು ಗೇಣು ನೀರು ಮಾತ್ರ ಉಳಿದಿತ್ತಂತೆ. ಅದನ್ನು ತಿಂಡಿಗೆಂದು ಕಾಪಾಡಿ ಇಟ್ಟಿದ್ದರು. ಆರೂ ಹತ್ತಕ್ಕೆ ಟ್ಯಾಂಕರ್ ಬಂದಿದೆ ಎಂದು ತಮ್ಮದೇ ಜಾಹೀರಾತಿನ ಸುದ್ದಿ ಕೇಳಿ, ಸಂತೋಷದಿಂದ ಆ ನೀರನ್ನೆಲ್ಲ ಬಿಟ್ಟು ನೆಲ ತೊಳೆಸಿದರು.

"ನನಗೆ ಬಂದದ್ದೂ ಗೊತ್ತಿಲ್ಲ, ಬಂದ್ ಆದದ್ದೂ ಗೊತ್ತಿಲ್ಲ ಮಾರಾಯ್ರೆ," ಎಂದರು. "ಗಿರಾಕಿಗಳು ಸಾಂಬಾರಿನ ಕೈಯಲ್ಲೇ ಮೊಬೈಲ್ ಹಿಡ್ಕೊಂಡು ನನಗೆ ಸ್ಟಾರ್ ಕೊಡ್ತಾ ಇದ್ದಾರೆ. ಒಂದೊಂದೇ ಸ್ಟಾರು."

ತಪ್ಪು ಯಾರದು ಎಂದು ಗೊತ್ತಾಗಬೇಕಿತ್ತು. ಕಚೇರಿಗೆ ಬರುವ ಫೋನೆಲ್ಲ ರೆಕಾರ್ಡ್ ಆಗುತ್ತದೆ. ಧ್ವನಿ ಯಂತ್ರ ನೋಡಿಕೊಳ್ಳುವ ಕುಶಲ, ಮೂಡುಬಿದಿರೆಯವನು, ಅದನ್ನು ದೊಡ್ಡ ಸ್ಪೀಕರಿಗೆ ಹಚ್ಚಿದ. ಟ್ಯಾಂಕರ್ ಬಂದದ ರೀ ಮೇಡಂ. ಎಲ್ಲರೂ ನನ್ನ ಮುಖ ನೋಡಿದರು. ಇನ್ನೊಮ್ಮೆ ಹಚ್ಚಿದ. ಟ್ಯಾಂಕರ್ ಬಂದ್ ಅದ ರೀ ಮೇಡಂ. ಎಲ್ಲರೂ ಸಂಯುಕ್ತಾ ಮೇಡಂ ಮುಖ ನೋಡಿದರು. ಮೂರನೆಯ ಸಲಕ್ಕೆ ಮತ್ತೆ ನನ್ನ ಕಡೆ ತಿರುಗಿದರು. ಒಂದೇ ರೆಕಾರ್ಡು, ಕೇಳಿದಂತೆಲ್ಲ ಬದಲಾಗುತ್ತಿತ್ತು. ಹತ್ತು, ಹದಿನೈದು ಸಲ ಕೇಳಿದೆವು. ಸಣ್ಣ ಧ್ವನಿಯಲ್ಲಿ, ದೊಡ್ಡ ಧ್ವನಿಯಲ್ಲಿ, ನಿಧಾನ ಮಾಡಿ. ನಿಧಾನ ಮಾಡಿದಾಗ ನಾನು ಎಮ್ಮೆಯ ಹಾಗೆ ಕೇಳಿಸಿದೆ, ಮಾಲೀಕರ ತಮ್ಮ ಅದನ್ನು ಎರಡು ಸಲ ಹೆಚ್ಚಿಗೆ ಹಾಕಿಸಿದರು.

ಕುಶಲ ಪರದೆಯ ಮೇಲೆ ಧ್ವನಿಯ ಗೆರೆ ತೋರಿಸಿದ. ಇಲ್ಲಿ ಒಂದು ಸಣ್ಣ ಸಂದು ಉಂಟು, ಹಾಗಾಗಿ ಅದು ಎರಡು ಶಬ್ದ, ಅಥವಾ ಆ ಸಂದು ಲೋಕಲಿನ ಹಾರ್ನಿನದ್ದೂ ಇರಬಹುದು ಎಂದ. ಯಜ್ಞೇಶ್ವರ ರಾಯರು ಕನ್ನಡಕ ಹಾಕಿಕೊಂಡು ಆ ಸಂದಿನಲ್ಲಿ ತಮ್ಮ ನೀರು ಹೋದದ್ದು ಎಲ್ಲಿ ಎಂಬಂತೆ ಬಗ್ಗಿ ನೋಡಿದರು.

ಸತ್ಯ ಹೇಳಬೇಕೆಂದರೆ ಇಪ್ಪತ್ತನೆಯ ಸಲಕ್ಕೆ ನನಗೇ ಗೊತ್ತಾಗಲಿಲ್ಲ. ಅದಕ್ಕೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೆಂದೂ ತಿಳಿಯಲಿಲ್ಲ. ನನ್ನ ಬಾಯಿಯಿಂದ ಬಂದ ಮಾತಿಗೆ ನಾನೇ ಸಾಕ್ಷಿ ಹೇಳಲಾಗದೆ ಕೂತಿದ್ದೆ.

"ನಮ್ ಮಂದಿ ಮಾರಿ ನೋಡಿ ತಿಳ್ಕೊತಾರ್ರಿ," ಎಂದೆ. "ಬಂದದ ಅಂದ್ರ ಮಾರಿ ಅರಳಿರ್ತದ. ಬಂದ್ ಅದ ಅಂದ್ರ ಇಳಿದಿರ್ತದ."

"ರೇಡಿಯೊದಲ್ಲಿ ನಿನ್ನ ಮಾರಿ ಎಲ್ಲಿ ಕಾಣುತ್ತಪ್ಪಾ," ಎಂದರು ಜಯಂತ್ ಸರ್.

"ದನಿಯೊಳಗ ಕಾಣ್ತದ್ರಿ. ನಾನೇ ಲೈವ್ ಹೇಳಿದ್ರ ನಮ್ಮ ಗಲ್ಲಿಯಾಗ ಒಬ್ಬರೂ ಕೊಡ ತಗೊಂಡು ಬರ್ತಿರಲಿಲ್ಲ. ನನ್ನ ಎರಡು ನಿಮಿಷ ನನಗ ಕೊಡ್ರಿ."

ಸಂಯುಕ್ತಾ ಮೇಡಂ ಆಗ ತಾವಾಗಿ ಒಂದು ಮಾತು ಹೇಳಿದರು. ಎರಡು ದಿನದಿಂದ ಅವರ ಮನೆಯಲ್ಲೂ ನೀರಿರಲಿಲ್ಲವಂತೆ, ಬಂದಿದೆ ಎಂದು ಕೇಳಲು ಕಿವಿ ಕಾದಿತ್ತು, ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು ಎಂದರು. ಗುರುನಾಥ್ ಹೇಳುವುದೂ ಸರಿ ಎಂದರು. ಯಜ್ಞೇಶ್ವರ ರಾಯರು ಕೂಡ, ಹುಡುಗ ಮೊದಲು ಹೇಳುತ್ತಿದ್ದಾಗ ಅರ್ಥವಾಗದಿದ್ದರೂ ನೀರಿಲ್ಲ ಎನ್ನುವುದು ಗೊತ್ತಾಗುತ್ತಿತ್ತು ಎಂದರು. ನಾನು ಗೆದ್ದೆ ಎಂದೇ ಅಂದುಕೊಂಡೆ.

ಆದರೆ ಮಾಲೀಕರ ತಮ್ಮ ಸುಮ್ಮನೆ ಕೂತಿರಲಿಲ್ಲ. ಎಮ್ಮೆಯಂತೆ ಕೇಳಿಸಿದ ಆ ತುಣುಕನ್ನು ತಮ್ಮ ಫೋನಿನಲ್ಲಿ ಹಿಡಿದು ಯಾರಿಗೋ ಕಳಿಸಿದ್ದರು. ಸಂಜೆಯ ಹೊತ್ತಿಗೆ ಅದು ಅಂಬರನಾಥದಿಂದ ಐರೋಲಿವರೆಗೆ ಎಲ್ಲರ ಫೋನಿಗೂ ಮುಟ್ಟಿತ್ತು. ಕನ್ನಡದ ಗಂಧವಿಲ್ಲದವರೂ ಕೇಳಿ ನಗುತ್ತಿದ್ದರು. ನಾನು ಮನೆಗೆ ಹೋಗುವಾಗ ಲೋಕಲಿನಲ್ಲಿ ನನ್ನ ಹೆಗಲ ಮೇಲೆ ಗದ್ದ ಇಟ್ಟು ನಿಂತಿದ್ದವನ ಫೋನಿನಿಂದ ನನ್ನದೇ ಧ್ವನಿ ಬಂತು. ಅವನು ನನಗೂ ತೋರಿಸಿ ಹಿಂದಿಯಲ್ಲಿ, ಕೇಳಿ ಅಣ್ಣ, ಮಜಾ ಇದೆ ಎಂದ. ಆ ಗರ್ದಿಯಲ್ಲಿ ಕೈ ಎತ್ತಲು ಜಾಗವಿರಲಿಲ್ಲ. ಅದು ಅವನ ಪುಣ್ಯ.

ಶುಕ್ರವಾರ ಜಯಂತ್ ಸರ್ ಫೋನ್ ಮಾಡಿದರು. ಧ್ವನಿ ಪೂರ್ತಿ ಬದಲಾಗಿತ್ತು. ಗುರುನಾಥ ಎನ್ನುವ ಬದಲು ಗುರು ಎಂದರು. ಸೋಮವಾರದಿಂದ ನನಗೆ ಎರಡು ನಿಮಿಷವಲ್ಲ, ಹತ್ತು ನಿಮಿಷ. ಅದೂ ಸ್ಟುಡಿಯೊದಲ್ಲಿ, ಗಾಜಿನ ಹಿಂದೆ, ದೊಡ್ಡ ಮೈಕಿನ ಮುಂದೆ. ಮೊದಲ ಐದು ನಿಮಿಷ ಒಂದು ಆಟ: ನಾನು ಒಂದು ವಾಕ್ಯ ಹೇಳುತ್ತೇನೆ, ಜನ ಫೋನ್ ಮಾಡಿ ಅದು ಬಂದದವೋ ಬಂದ್ ಅದವೋ ಎಂದು ಹೇಳಬೇಕು. ಸರಿಯಾಗಿ ಹೇಳಿದವರಿಗೆ ಯಜ್ಞೇಶ್ವರ ಭವನದಲ್ಲಿ ಒಂದು ಪ್ಲೇಟು ಇಡ್ಲಿ. ಉಳಿದ ಐದು ನಿಮಿಷ ನೀರಿನ ವರದಿ, ನನ್ನದೇ ಬಾಯಿಂದ, ನನ್ನದೇ ಕನ್ನಡದಲ್ಲಿ.

ಆಟದ ಮಾತು ಕೇಳಿ ಮೈ ಉರಿಯಿತು. ಆದರೆ ಐದು ನಿಮಿಷ. ಐದು ನಿಮಿಷದಲ್ಲಿ ಎಷ್ಟೆಲ್ಲ ಹೇಳಬಹುದು. ಯಾವ ಬೋರಿನ ನೀರು ಎಲ್ಲಿಗೆ ಹೋಗುತ್ತದೆ, ದಿವಾಕ್ಕೆ ಬರಬೇಕಾದ ಟ್ಯಾಂಕರ್ ಯಾವ ಟವರಿನ ಹಿಂದಿನ ಗೇಟಿನಲ್ಲಿ ಖಾಲಿಯಾಗುತ್ತದೆ, ಡ್ರೈವರುಗಳು ಯಾಕೆ ಜಗಳ ಆಡಿದರು. ಶನಿವಾರ, ಭಾನುವಾರ ಅದಕ್ಕಾಗಿಯೇ ಸುತ್ತಿದೆ. ಒಂದು ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದೆ. ಅಕ್ಷರ ನನ್ನ ಶತ್ರು, ಆದರೂ ಎರಡು ಪುಟ ಬರೆದೆ. ಅವ್ವನ ಎದುರು ಓದಿ ತೋರಿಸಿದೆ. ಅವಳು ಸೊಪ್ಪು ಸೋಸುತ್ತ ಕೇಳಿ, ಇಷ್ಟು ಸಿಟ್ಟಿಲೆ ಹೇಳಬ್ಯಾಡ, ನೀರಿಗೆ ಅಂಜಿಕಿ ಆಗಿ ಇನ್ನೂ ದೂರ ಹೋಗ್ತಾವ ಎಂದಳು.

ಸೋಮವಾರ ಮೊದಲ ಲೋಕಲ್ ಹಿಡಿದು ಐದೂವರೆಗೇ ಸ್ಟುಡಿಯೊ ಮುಟ್ಟಿದೆ. ದಾರಿಯಲ್ಲೇ ಫೋನಿನಲ್ಲಿ ವಿಚಾರಿಸಿಕೊಂಡಿದ್ದೆ. ಡ್ರೈವರುಗಳ ಜಗಳ ಅರ್ಧ ಮುಗಿದಿತ್ತು. ಬೆಳಿಗ್ಗೆ ದಿವಾಕ್ಕೆ ಟ್ಯಾಂಕರ್ ಇಲ್ಲ, ಸಂಜೆ ಐದಕ್ಕೆ ಎರಡು ಬರುತ್ತವೆ. ಇದು ಅಂದಿನ ಅತಿ ಮುಖ್ಯ ಸುದ್ದಿ ಎಂದು ಜಯಂತ್ ಸರ್‌ಗೆ ಹೇಳಿದೆ. ಅವರು ಹೌದಾ, ಗುಡ್, ಗುಡ್ ಎನ್ನುತ್ತ ನನ್ನ ತಲೆಗೆ ಹೆಡ್‌ಫೋನ್ ಹಾಕಿ, ಅದು ಸರಿಯಾಗಿ ಕೂತಿದೆಯೇ ಎಂದು ಮಗುವಿನ ಟೋಪಿ ನೋಡುವ ಹಾಗೆ ನೋಡಿದರು. ಗಾಜಿನ ಆಚೆ ಕುಶಲ. ಪಕ್ಕದಲ್ಲಿ ಸಂಯುಕ್ತಾ ಮೇಡಂ. ಎದುರಿನ ಕುರ್ಚಿಯಲ್ಲಿ ಸ್ವತಃ ಜಯಂತ್ ಸರ್, ಆಟವನ್ನು ತಾವೇ ನಡೆಸುವವರು.

ಸಂಯುಕ್ತಾ ಮೇಡಂ ಅಂದಿನ ಪಟ್ಟಿಯನ್ನು ನನ್ನ ಕಡೆ ಸರಿಸಿದರು, ನನ್ನ ಕಣ್ಣು ನೋಡಲಿಲ್ಲ. ಆರೂ ಹತ್ತರಿಂದ ಆರೂ ಇಪ್ಪತ್ತು: ಆಟ. ಅದರ ಕೆಳಗೆ ಇಡ್ಲಿ. ಅದರ ಕೆಳಗೆ ಫ್ಲ್ಯಾಟು. ನೀರು ಎಲ್ಲೂ ಇರಲಿಲ್ಲ.

ನಾನು ಜಯಂತ್ ಸರ್ ಕಡೆ ನೋಡಿದೆ. ಆಟದ ಸುದ್ದಿ ಕೇಳಿ ಭಾನುವಾರವೇ ನಾನೂರು ಮೆಸೇಜು ಬಂದಿವೆ, ಮೊದಲ ದಿನ ಪೂರ್ತಿ ಆಟವೇ ಇರಲಿ, ವರದಿ ನಾಳೆ ನೋಡೋಣ ಎಂದರು. ಅಷ್ಟರಲ್ಲಿ ಕೆಂಪು ದೀಪ ಹತ್ತಿತು.

ಸಂಗೀತ ಬಂತು. ನನ್ನ ಧ್ವನಿಯನ್ನೇ ಕತ್ತರಿಸಿ ಡೋಲಕ್ಕಿಗೆ ಕೂಡಿಸಿ ಮಾಡಿದ ಸಂಗೀತ. ಬಂದದ ಬಂದದ ಬಂದ್ ಅದ, ಬಂದದ ಬಂದದ ಬಂದ್ ಅದ. ಕೊನೆಗೆ ಎಮ್ಮೆ. ಜಯಂತ್ ಸರ್ ನನ್ನನ್ನು ಕಲಬುರಗಿಯ ಕೋಗಿಲೆ ಎಂದು ಪರಿಚಯಿಸಿದರು. ಅವರು ಕೊಟ್ಟ ಚೀಟಿಯಲ್ಲಿದ್ದ ಮೊದಲ ವಾಕ್ಯ ಓದಿದೆ: ಲಿಫ್ಟ್ ಬಂದದ. ಹೀರಾನಂದಾನಿ ಟವರುಗಳ ಕಡೆಯಿಂದ ಯಾರೋ ಫೋನ್ ಮಾಡಿ ಮುಚ್ಚಿದೆ ಎಂದರು. ಟಂಯ್ಯ್ ಎಂದು ತಪ್ಪಿನ ಸದ್ದು. ಎಲ್ಲರೂ ನಕ್ಕರು. ಎರಡನೆಯದು: ಅಂಗಡಿ ಬಂದ್ ಅದ. ಕಲ್ಯಾಣದಿಂದ ಒಬ್ಬರು, ಅಂಗಡಿ ಹೇಗೆ ಬರುತ್ತದೆ, ಅದಕ್ಕೆ ಕಾಲಿದೆಯೇ ಎಂದು ಕೇಳಿ ಗೆದ್ದರು. ಇಡ್ಲಿ ಅವರದಾಯಿತು. ಸಿಟ್ಟು ನನ್ನ ಕಿವಿಯವರೆಗೆ ಏರಿ ಹೆಡ್‌ಫೋನ್ ಬಿಸಿಯಾದಂತೆ ಅನಿಸಿತು. ಆದರೂ ಕೂತಿದ್ದೆ. ನಡುವೆ ಎಲ್ಲಾದರೂ ಒಂದು ಸಂದು ಸಿಕ್ಕರೆ ಐದು ಗಂಟೆಯ ಮಾತು ತುರುಕಿಬಿಡಬೇಕೆಂದು ಕಾಯುತ್ತಿದ್ದೆ.

ಮೂರನೆಯ ಫೋನು. ಕುಶಲ ಗುಂಡಿ ಒತ್ತಿದ. ಮೊದಲು ಕೊಡ ಬಡಿದ ಸದ್ದು, ಆಮೇಲೆ ದಾನಮ್ಮ ಕಾಕು.

"ಗುರ್ಯಾ, ನಿನ್ನ ದನಿ ಕೇಳ್ತು ಅಂತ ಹಚ್ಚೀನಿ. ಈ ಬಾರಸೋದು ಎಲ್ಲಾ ಆಮ್ಯಾಲ ಮಾಡ್ರಿ. ಟ್ಯಾಂಕರ್ ಹ್ಯಾಂಗ? ನಾ ಕೆಲಸಕ್ಕ ಹೋಗ್ಲೋ, ಇಲ್ಲೇ ನಿಂದರ್ಲೋ? ಇನ್ನೊಮ್ಮಿ ಸುಟ್ಟಿ ಆದ್ರ ಆ ಮೂರೂ ಮನಿಯವರು ನನ್ನ ಬಿಡಿಸ್ತಾರ."

ಜಯಂತ್ ಸರ್ ಮುಖ ಅರಳಿತು. ಇದಕ್ಕಿಂತ ಒಳ್ಳೆಯ ಆಟ ಅವರಿಗೆ ಎಲ್ಲಿ ಸಿಗಬೇಕು. ಎರಡೂ ಕೈ ಎತ್ತಿ, ಹೇಳು ಹೇಳು ಎಂದು ನನಗೆ ಸನ್ನೆ ಮಾಡಿದರು. ಕುಶಲನ ಬೆರಳು ಎಮ್ಮೆಯ ಗುಂಡಿಯ ಮೇಲಿತ್ತು.

"ಮುಂಜಾನಿ ಬರಂಗಿಲ್ಲ ಕಾಕು," ಎಂದೆ. "ಸಂಜಿ ಐದಕ್ಕ ಎರಡು ಟ್ಯಾಂಕರ್ ಬರ್ತಾವ. ನೀ ಕೆಲಸಕ್ಕ ಹೋಗು. ಉಳಿದವರಿಗೂ ಹೇಳು, ಯಾರೂ ನಿಂದರಬ್ಯಾಡ್ರಿ."

"ಹಾಂ, ತಿಳೀತು," ಎಂದು ಫೋನ್ ಇಟ್ಟಳು.

ಅಷ್ಟೇ. ನಾನು ಎರಡು ಪುಟ ಬರೆದದ್ದು ನಾಲ್ಕು ಮಾತಿನಲ್ಲಿ ಮುಗಿದಿತ್ತು. ಯಾವ ಟವರು, ಯಾವ ಗೇಟು ಎಂಬುದು ಉಳಿಯಿತು. ಆದರೆ ದಿವಾದಲ್ಲಿ ಅಂದು ಯಾರೂ ಸುಮ್ಮನೆ ನಿಲ್ಲಬೇಕಾಗಿರಲಿಲ್ಲ.

ಜಯಂತ್ ಸರ್ ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ. ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ನಾವು ಲೈವ್ ಇದ್ದೆವು.

"ಅಯ್ಯೋ ಗುರು, ಆಟಾನೇ ಕೆಡಿಸಿಬಿಟ್ಯಲ್ಲೋ," ಎಂದರು, ಕೇಳುಗರಿಗೆಂದು ಇನ್ನಷ್ಟು ನಗುತ್ತ. "ಹಾಗಲ್ಲಪ್ಪ, ನಿನ್ನ ಭಾಷೇಲಿ ಹೇಳ್ಬೇಕು. ಇನ್ನೊಂದ್ಸಲ. ಟ್ಯಾಂಕರ್ ಬಂದದಾ, ಬಂದ್ ಅದಾ?"

ನಾನು ಹೇಳಿದ್ದು ನನ್ನ ಭಾಷೆಯಲ್ಲೇ. ಹೆಡ್‌ಫೋನ್ ತೆಗೆದೆ. ಕಿವಿಗೆ ಗಾಳಿ ತಾಗಿತು. ಅದನ್ನು ಪಟ್ಟಿಯ ಮೇಲೆ, ಫ್ಲ್ಯಾಟು ಎಂದು ಬರೆದಿದ್ದ ಜಾಗದಲ್ಲಿ ಇಟ್ಟು ಎದ್ದೆ. ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ತಾಗಿತು.

"ಗುರುನಾಥ?" ಎಂದರು ಜಯಂತ್ ಸರ್. ಗುರು ಹೋಗಿ ಮತ್ತೆ ಗುರುನಾಥ ಆಗಿದ್ದೆ. "ಕೇಳುಗರು ಕಾಯ್ತಿದ್ದಾರೆ. ಬಂದದಾ, ಬಂದ್ ಅದಾ?"

ಗಾಜಿನ ಆಚೆ ಕುಶಲ ಮೌನದ ಸೆಕೆಂಡುಗಳನ್ನು ಬೆರಳೆತ್ತಿ ತೋರಿಸುತ್ತಿದ್ದ. ಒಂದು, ಎರಡು, ಮೂರು. ಅವನು ಎರಡನೆಯ ಕೈ ಎತ್ತುವ ಹೊತ್ತಿಗೆ ನಾನು ಬಾಗಿಲು ದಾಟಿ ಲಿಫ್ಟಿನ ಕಡೆ ನಡೆಯುತ್ತಿದ್ದೆ.